‘ಲೈಫ್‌ಟೈಮ್’ ಲೈಸೆನ್ಸ್ ಮತ್ತು ನಮ್ಮ ಹಕ್ಕು

ಬದಿಯಡ್ಕದ ಹತ್ತಿರ ನಮ್ಮ ಭಾವನವರದ್ದು ಸಣ್ಣ ಜೀನಸು ಅಂಗಡಿ. ಒಬ್ಬರೇ ನಡೆಸುತ್ತಾರೆ. ಲೆಕ್ಕಕ್ಕೆ ಅಂತ ಒಂದು ಸಾಫ್ಟ್‌ವೇರ್ ತೆಗೆದುಕೊಂಡಿದ್ದರು. ಬಿಲ್ಲಿನಲ್ಲೇ ‘ಲೈಫ್‌ಟೈಮ್’ ಅಂತ ಇದೆ. ಈಗ ಹೊಸ ಕಂಪ್ಯೂಟರ್‌ಗೆ ಹಾಕಿದರೆ ತೆರೆಯುತ್ತಿಲ್ಲ. ಕೇಳಿದರೆ, ಇನ್ನು ವರ್ಷ ವರ್ಷ ದುಡ್ಡು ಕಟ್ಟಿ ಅಂತಾರೆ. ಹಳೆಯ ಸಾಲದ ಲೆಕ್ಕವೆಲ್ಲ ಅದರೊಳಗೆ ಸಿಕ್ಕಿಬಿದ್ದಿದೆ. ನನಗಂತೂ ತುಂಬಾ ಸಿಟ್ಟು ಬಂತು.

ಸಾಫ್ಟ್‌ವೇರ್ ಮಾಡಿದವರ ಹಕ್ಕು ಅವರದ್ದೇ. ನಾವು ಕೊಳ್ಳುವುದು ಬಳಸುವ ಅನುಮತಿ, ಒಪ್ಪುತ್ತೇನೆ. ಆದರೆ ಕೊಟ್ಟ ಮಾತನ್ನು ಆಮೇಲೆ ಬದಲಿಸುವುದು ಯಾವ ನ್ಯಾಯ? ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೂಡ, ಸರಿಯಾಗಿ ಕೊಂಡ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. ಇನ್ನು ಷರತ್ತುಗಳೋ, ಪುಟಗಟ್ಟಲೆ ಇಂಗ್ಲಿಷ್. ನಮ್ಮ ಕಾಸರಗೋಡಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಅಂಗಡಿಯವರು ಅದನ್ನು ಓದಿಯೇ ‘ಒಪ್ಪಿಗೆ’ ಒತ್ತಿದ್ದಾರೆ ಅಂತ ಯಾರಾದರೂ ನಂಬುತ್ತಾರಾ?

ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಕಂಪನಿಯವರು ವಾದಿಸಬಹುದು. ಆದರೆ ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಟ್ಟಿಲ್ಲ. ಕಂಪನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 2 ವರ್ಷದ ಗಡುವು ಮಾತ್ರ ಮೀರಬಾರದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ನೋಡಬಹುದು.

ಬಿಲ್ಲು, ಮೇಲ್, ಮೆಸೇಜು ಎಲ್ಲವನ್ನೂ ಪ್ರಿಂಟ್ ತೆಗೆದಿಟ್ಟಿದ್ದೇವೆ. ಇದೇ ತೊಂದರೆ ಆದವರು ನಮ್ಮ ಕಡೆ ಇನ್ನೂ ಇದ್ದರೆ ದಯವಿಟ್ಟು ತಿಳಿಸಿ, ಒಟ್ಟಿಗೆ ಹೋಗೋಣ.