ಸಡಿಲ ಆಗಿದ್ದ ಮಾಸ್ಕ್

"ಮಾಸ್ಕ್ ಈಗ ಮೊದಲಿನಷ್ಟು ಒತ್ತಲ್ಲ ಕಣಾ, ಹಿತವಾಗಿದೆ" ಅಂತ ಅಪ್ಪಯ್ಯ ಬಸ್ಸಲ್ಲಿ ಹೇಳಿದಾಗ ನಂಗೆ ಖುಷಿನೇ ಆಗಿತ್ತು. ಕೆನ್ನೆ ಒಳಗಿನ ಕ್ಯಾನ್ಸರ್ ಗಡ್ಡೆ ಆಪರೇಷನ್ ಆದ್ಮೇಲೆ 30 ಸಲ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡ್ಬೇಕು ಅಂದಿದ್ರು, ಒಂದ್ಸಲಕ್ಕೆ 2 ಗ್ರೇ (ಗ್ರೇ ಅಂದ್ರೆ ರೇಡಿಯೇಷನ್ ಅಳತೆ), ಶನಿವಾರ ಭಾನುವಾರ ಬಿಟ್ಟು, ಅಂದ್ರೆ ಆರು ವಾರ ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರೋದು. ಅವತ್ತು 19ನೇ ದಿನ.

ಮಾಸ್ಕ್ ಅಂದ್ರೆ ಮೂಗಿಗೆ ಕಟ್ಟೋ ಬಟ್ಟೆ ಅಲ್ಲ. ತೂತು ತೂತಿನ ಬಿಳಿ ಪ್ಲಾಸ್ಟಿಕ್ಕು, 70 ಡಿಗ್ರಿ ಹತ್ರ ಬಿಸಿನೀರಲ್ಲಿ ಅದ್ದಿದ್ರೆ ಮೆತ್ತಗಾಗುತ್ತೆ, ಆಗ ತಲೆಯಿಂದ ಹೆಗಲವರೆಗೆ ಎಳೆದು ಹಲಗೆಗೆ ಕ್ಲಿಪ್ ಹಾಕಿಬಿಡ್ತಾರೆ, ಆರುತ್ತಾ ಮುಖದ ಆಕಾರಕ್ಕೇ ಗಟ್ಟಿಯಾಗುತ್ತೆ. ತೋಟದ ಕೆಲಸಕ್ಕೆ ಅಡಿಕೆ ಹಾಳೆ ನೆನೆಸಿ ಟೋಪಿ ಮಾಡ್ತೀವಲ್ಲ, ಹಂಗೇ ಅನ್ನಿಸ್ತು ನಂಗೆ. ಅದನ್ನ ಹಾಕಿಸಿಯೇ ಸಿಟಿ ಸ್ಕ್ಯಾನ್ ತೆಗೆದು, ಅದರ ಮೇಲೆ ಎಲ್ಲಿಗೆ ಎಷ್ಟು ಕರೆಂಟ್ ಬೀಳ್ಬೇಕು ಅಂತ ಪ್ಲಾನ್ ಮಾಡಿ, ಆಮೇಲೆ ದಿನಾ ಮಾಸ್ಕ್ ಮೇಲಿನ ಗುರುತಿಗೆ ಲೇಸರ್ ಗೆರೆ ಕೂರಿಸಿ ಕರೆಂಟ್ ಕೊಡ್ತಿದ್ರು. ಮೊದಲ ಮೂರು ದಿನ ಮೆಷಿನ್ನಲ್ಲೇ ಸ್ಕ್ಯಾನ್ ತೆಗೆದು ನೋಡಿದ್ರು, ಆಮೇಲೆ ವಾರಕ್ಕೊಂದ್ಸಲ.

ಅವತ್ತು ಸ್ಕ್ಯಾನ್ ದಿನ ಅಲ್ಲ. ಆದ್ರೆ ಟೆಕ್ನಿಷಿಯನ್ ಮೇಡಂ ಕ್ಲಿಪ್ ಹಾಕಿ ಗಲ್ಲದ ಹತ್ರ ಬೆರಳು ತೂರಿಸಿ ನೋಡಿದ್ರು, ಬೆರಳು ಸಲೀಸಾಗಿ ಒಳಗೆ ಹೋಯ್ತು. "ಯಜಮಾನ್ರೇ, ಊಟ ಸೇರ್ತಿದ್ಯಾ?" ಅಂದ್ರು. ಎಲ್ಲಿ ಸೇರುತ್ತೆ, ಬಾಯೆಲ್ಲ ಹುಣ್ಣು, ಎರಡು ವಾರದಿಂದ ಬರೀ ಗಂಜಿ ತಿಳಿ. ತೂಕ ನೋಡಿದ್ರೆ 64 ಇದ್ದಿದ್ದು 57ಕ್ಕೆ ಇಳಿದಿತ್ತು. ಸ್ಕ್ಯಾನ್ ಮಾಡಿ ಹೊರಗೆ ಬಂದವರು ಇವತ್ತು ಕರೆಂಟ್ ಬೇಡ ಅಂದ್ರು.

ಮಧ್ಯಾಹ್ನ ಕೊನೆಗಾರ ಬರೋನಿದ್ದ, ವರ್ಷದ ಅಡಿಕೆ ಪೂರ್ತಿ ಮರದ ಮೇಲೇ ಇತ್ತು, ಆ ಒತ್ತಡದಲ್ಲಿ ನಾನು ಸ್ವಲ್ಪ ಗಡುಸಾಗೇ "ಗೆರೆ ಎಲ್ಲಾ ಸರಿಯಾಗೇ ಕೂತಿದ್ಯಲ್ಲ ಮೇಡಂ, ಕೊಟ್ಬಿಡಿ" ಅಂದೆ. ಅವರು ಬೇಜಾರು ಮಾಡ್ಕೊಳ್ಳದೆ ಕಂಪ್ಯೂಟರ್ ಹತ್ರ ಕರ್ಕೊಂಡು ಹೋದ್ರು. "ಗೆರೆ ಕೂತಿರೋದು ಮಾಸ್ಕ್ ಮೇಲೆ. ಒಳಗಿರೋ ಮುಖ ಬೇರೆ ಕಡೆ ಇದೆ ನೋಡಿ."

ಮೊದಲ ದಿನದ ಸ್ಕ್ಯಾನ್ ಮೇಲೆ ಇವತ್ತಿಂದು ಇಟ್ಟು ತೋರಿಸಿದ್ರು. ತಲೆಬುರುಡೆ ಸರಿ ಕೂತಿತ್ತು, ಆದ್ರೆ ಕೆಳದವಡೆ ಎರಡೆರಡಾಗಿ ಕಾಣ್ತಿತ್ತು, ಏಳು ಮಿಲಿಮೀಟರ್ ಸರಿದಿತ್ತಂತೆ. ಸ್ವಲ್ಪ ಆಚೀಚೆ ಆದ್ರೂ ಇರ್ಲಿ ಅಂತ ಅವರು ಪ್ಲಾನಲ್ಲಿ ಸುತ್ತ ಬಿಟ್ಟಿದ್ದೇ ಐದು. ಇಡೀ ತಲೆ ಆ ಕಡೆ ಈ ಕಡೆ ಹೋಗಿದ್ರೆ ಮಂಚ ಜರುಗಿಸಿ ಸರಿ ಮಾಡ್ಬೋದು, ಆದ್ರೆ ಗಲ್ಲ ಬಗ್ಗಿ ಕುತ್ತಿಗೆ ಬೇರೆ ಥರ ಬಾಗಿದ್ರೆ ಮಂಚ ಎಷ್ಟು ಜರುಗಿಸಿದ್ರೂ ಒಂದು ಸರಿಹೋದ್ರೆ ಇನ್ನೊಂದು ತಪ್ಪುತ್ತೆ. ಒಂದು ಕಡೆ ಗಡ್ಡೆ ಇದ್ದ ಜಾಗಕ್ಕೆ ಕರೆಂಟ್ ಕಮ್ಮಿ ಬೀಳ್ಬೋದು, ಇನ್ನೊಂದು ಕಡೆ ಕಿವಿ ಕೆಳಗಿನ ಜೊಲ್ಲು ಗ್ರಂಥಿಗೆ, ಬೆನ್ನುಹುರಿಗೆ ಜಾಸ್ತಿ ಬೀಳ್ಬೋದು. ತೂಕ ಇಳಿದಾಗ ಆ ಗ್ರಂಥಿನೂ ಚಿಕ್ಕದಾಗಿ ಒಳಕ್ಕೆ ಸರಿಯುತ್ತಂತೆ, ಜಾಸ್ತಿ ಕರೆಂಟ್ ಇರೋ ಕಡೆಗೇ.

ಬೆಳಗ್ಗೆ ಬಸ್ಸಲ್ಲಿ ಅಪ್ಪಯ್ಯ ಹಿತವಾಗಿದೆ ಅಂದಿದ್ದು ಆಗ ನೆನಪಾಗಿ ಹೊಟ್ಟೆ ಒಳಗೆ ಏನೋ ತಿರುಚಿದ ಹಾಗಾಯ್ತು. ಆ ಮಾತು ನಾನು ಯಾರಿಗೂ ಹೇಳಿರ್ಲಿಲ್ಲ, ಹೇಳ್ಬೇಕಾದ ವಿಷಯ ಅಂತಾನೂ ಗೊತ್ತಿರ್ಲಿಲ್ಲ. ಮಾಸ್ಕ್ ಸಡಿಲ ಆದ್ರೆ ಹೇಳಿ ಅಂತ ಮೊದಲನೇ ದಿನವೇ ನಮಗೆ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು, ಈಗಲೂ ಹಾಗೇ ಅನ್ನಿಸುತ್ತೆ.

ಅವತ್ತೇ ಹೊಸ ಮಾಸ್ಕ್ ಮಾಡಿ ಮತ್ತೆ ಸಿಟಿ ತೆಗೆದ್ರು. ಹೊಸ ಪ್ಲಾನ್ ಆಗೋಕೆ ಇನ್ನೂ ಒಂದು ದಿನ ಹೋಗುತ್ತೆ, ಮಧ್ಯೆ ಗ್ಯಾಪ್ ಬಿದ್ರೆ ಉಳಿದ ಕ್ಯಾನ್ಸರ್ ಕಣ ಮತ್ತೆ ಬೆಳೆಯೋಕೆ ಅವಕಾಶ, ಅದಕ್ಕೆ ತಪ್ಪಿದ ಎರಡು ದಿನಕ್ಕೆ ಈ ಶನಿವಾರ, ಮುಂದಿನ ಶನಿವಾರ ಎರಡೂ ಬನ್ನಿ ಅಂದ್ರು ಡಾಕ್ಟ್ರು. ಊಟಕ್ಕೆ ಅಂತ ಮೂಗಿಗೆ ಟ್ಯೂಬ್ ಹಾಕಿಸ್ಕೊಳ್ಳೋಕೆ ಅಪ್ಪಯ್ಯ ಅಲ್ಲಿವರೆಗೂ ಒಪ್ಪಿರ್ಲಿಲ್ಲ, ಸ್ಕ್ರೀನಲ್ಲಿ ಎರಡು ದವಡೆ ನೋಡಿದ್ಮೇಲೆ ಹಾಕಿ ಅಂದ್ರು.

ಸಂಜೆ ಬಸ್ಸಲ್ಲಿ ಅವರ ಹಣೆ ಮೇಲೆ ಬಲೆ ಗುರುತು ಎದ್ದು ಕಾಣ್ತಿತ್ತು, ಮೊದಲ ವಾರ ಇರ್ತಿತ್ತಲ್ಲ ಹಾಗೇ. ಗಾಜನೂರು ದಾಟಿ ಮಂಡಗದ್ದೆ ಹತ್ರ ಬಂದ್ರೂ ಪೂರ್ತಿ ಮಾಸಿರ್ಲಿಲ್ಲ. ನೋವಾ ಅಂತ ಕೇಳಿದೆ. ಕೈಯಲ್ಲಿ ಸವರಿಕೊಂಡು "ಬಿಗಿ ಇದೆ" ಅಂದ್ರು.