ಸುಣ್ಣ ಬಿದ್ದ ಗಿಡಕ್ಕೆ ಮಾತ್ರ ನೀರು

ಲಿಂಬಿ ಗಿಡದ ಬುಡಕ್ಕೆ ಸುಣ್ಣ ಹಚ್ಚೋದು ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಕಡೆ ಹೊಸದೇನಲ್ಲ. ಹುಳ ಹತ್ತಬಾರದು, ಬಿಸಿಲಿಗೆ ತೊಗಟೆ ಸೀಳಬಾರದು ಅಂತ ಹಚ್ಚುತ್ತಾರೆ. ಹಚ್ಚಿದರೆ ಎಲ್ಲ ಗಿಡಕ್ಕೂ ಹಚ್ಚುತ್ತಾರೆ. 2024ರ ಏಪ್ರಿಲ್ ಕೊನೆಯಲ್ಲಿ ನಾನು ಮಾಮಾನ ತೋಟಕ್ಕೆ ಹೋದಾಗ ಅರ್ಧ ಗಿಡಗಳಿಗೆ ಮಾತ್ರ ಸುಣ್ಣ ಬಿದ್ದಿತ್ತು. ಯಾಕೆ, ಸುಣ್ಣ ತೀರಿತಾ ಅಂತ ಕೇಳಿದೆ.

"ಸುಣ್ಣ ಅದ. ನೀರಿಲ್ಲ" ಅಂದರು ಮಾಮಾ.

ಸುಣ್ಣ ಇರುವ ಗಿಡಕ್ಕೆ ನೀರು. ಉಳಿದವನ್ನು ಬಿಟ್ಟ ಹಾಗೆ. ಆಳುಗಳಿಗೆ ಗೊಂದಲ ಆಗಬಾರದು ಅಂತ ಈ ಗುರುತು.

ಮಾಮಾನದು ಎರಡು ಎಕರೆ ತೋಟ. ಇಪ್ಪತ್ತು ಅಡಿಗೊಂದು ಹಚ್ಚಿದರೆ ಎಕರೆಗೆ 108 ಗಿಡ ಕೂರುತ್ತವೆ. ಅಲ್ಲಿಲ್ಲಿ ಸತ್ತದ್ದು ಬಿಟ್ಟು ಇನ್ನೂರು ಅಂತಿಟ್ಟುಕೊಳ್ಳಿ. ಮೂರು ಬೋರ್ ಇವೆ. ಎರಡು ಯಾವತ್ತೋ ಬತ್ತಿವೆ. ಮೂರನೆಯದು ಕರೆಂಟ್ ಬಂದಾಗ ಅರ್ಧ ತಾಸು ನೀರು ಕೊಟ್ಟು ಆಮೇಲೆ ಗಾಳಿ ಉಗುಳುತ್ತೆ. ನಮ್ಮ ಜಿಲ್ಲೆಯ ಅಡಿಗಿರೋದು ಬಸಾಲ್ಟ್ ಕಲ್ಲು. ಅದರ ಬಿರುಕಿನಲ್ಲಿ, ಪದರಗಳ ನಡುವೆ ಎಷ್ಟು ನಿಂತಿರುತ್ತೋ ಅಷ್ಟೇ ನೀರು. ಪಕ್ಕದ ಹೊಲದಲ್ಲಿ ಬಿದ್ದಿದೆ ಅಂತ ನಮ್ಮಲ್ಲೂ ಬೀಳುತ್ತೆ ಅನ್ನೋ ಹಾಗಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್ ಪಾಯಿಂಟ್ ತೋರಿಸುವವರಿಗೆ ಮಾತ್ರ ಯಾವ ಬರಗಾಲವೂ ಇಲ್ಲ ನೋಡಿ.

ಉಳಿದದ್ದು ಟ್ಯಾಂಕರ್. ಟ್ರ್ಯಾಕ್ಟರಿಗೆ ಕಟ್ಟಿ ತರುವ 5,000 ಲೀಟರಿನ ಟ್ಯಾಂಕರಿಗೆ ಆಗ ಮಾಮಾ ಕೊಡ್ತಿದ್ದದ್ದು 800 ರೂಪಾಯಿ. ಇನ್ನೂರು ಗಿಡಕ್ಕೆ ಹಂಚಿದರೆ ತಲಾ 25 ಲೀಟರ್, ಎರಡು ಕೊಡ. ಕಾಯಿ ಬಿಡುವ ಗಿಡಕ್ಕೆ ಆ ಬಿಸಿಲಲ್ಲಿ ದಿನಕ್ಕೆ ಅದರ ಎರಡರಷ್ಟಾದರೂ ಬೇಕು. ಎಲ್ಲಕ್ಕೂ ಹಾಕಿದರೆ ಎಲ್ಲವೂ ಸಾಯುತ್ತವೆ. ನೂರಕ್ಕೆ ಹಾಕಿದರೆ ನೂರು ಉಳಿಯಬಹುದು. ಹಿಂದಿನ ವರ್ಷವೇ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತ್ತು. ಪರಿಹಾರದ ಮೊದಲ ಕಂತು ಅಂತ ರೈತರಿಗೆ ಕೊಟ್ಟದ್ದು ಹೆಚ್ಚೆಂದರೆ 2,000 ರೂಪಾಯಿ. ಮಾಮಾನ ಲೆಕ್ಕದಲ್ಲಿ ಎರಡೂವರೆ ಟ್ಯಾಂಕರ್.

ಯಾವ ನೂರು ಅನ್ನೋದೇ ಕಷ್ಟ. ಹಿಂದಿನ ಬೇಸಿಗೆಯಲ್ಲಿ ಯಾವ ಗಿಡ ಎಷ್ಟು ಕಾಯಿ ಬಿಟ್ಟಿತ್ತು ಅಂತ ಮಾಮಾ ಒಂದೊಂದಾಗಿ ನೆನಪು ಮಾಡಿಕೊಂಡರು. ಲಿಂಬಿಯಲ್ಲಿ ಬೇಸಿಗೆ ಕಾಯಿಗೇ ರೇಟು. ಮಳೆಗಾಲದಲ್ಲಿ ಚೀಲಗಟ್ಟಲೆ ಬಂದು ಕೇಳೋರಿರೋದಿಲ್ಲ. ಬದುವಿನ ಗುಂಟ ಇದ್ದ ಗಿಡಗಳು ಉಳಿದವು. ಮೊರಂ, ಅಂದರೆ ಗರಸು ಮಣ್ಣು, ಮೇಲೆ ಬಂದಿರುವ ದಿಬ್ಬದ ಗಿಡಗಳು ಹೋದವು. ಅತ್ತಿಗೂ ಮಾಮಾಗೂ ಜಗಳ ಆದದ್ದು ಮೂರು ವರ್ಷದ ಸಸಿಗಳ ಬಗ್ಗೆ. ಲಿಂಬಿ ಸರಿಯಾಗಿ ಕಾಯಿ ಹಿಡಿಯೋಕೆ ನಾಲ್ಕೈದು ವರ್ಷ ಬೇಕು.

"ಇನ್ನೊಂದ ವರ್ಷಕ್ಕ ಕಾಯಿ ಬರ್ತಿದ್ದು. ಈಗ ಬಿಡೂದೇನ್ರಿ?"

"ವರ್ಷದ ತನಕ ನೀರ ಹಾಕಾವ್ರು ಯಾರು?"

ಮಾತು ಅಲ್ಲಿಗೇ ನಿಂತಿತು. ಆದರೆ ಅತ್ತಿ ಪಾತ್ರೆ ತೊಳೆದ ನೀರು, ಕೈಕಾಲು ತೊಳೆದ ನೀರು ಹಿಡಿದಿಟ್ಟು ಮನೆ ಹತ್ತಿರದ ನಾಲ್ಕು ಸಸಿಗೆ ಹಾಕೋಕೆ ಶುರು ಮಾಡಿದ್ದರು. ಮಾಮಾ ನೋಡಿಯೂ ನೋಡದ ಹಾಗೆ ಇದ್ದರು.

ಆವತ್ತು ಎಂಟಕ್ಕೆ ಬರಬೇಕಿದ್ದ ಟ್ಯಾಂಕರ್ ಬಂದದ್ದು ಹನ್ನೊಂದಕ್ಕೆ. ತುಂಬಿಸುವಲ್ಲಿ ಪಾಳಿ ಇತ್ತಂತೆ. ಮೇ 7ಕ್ಕೆ ಲೋಕಸಭೆ ಮತದಾನ. ಮೈಕ್ ಕಟ್ಟಿದ ಜೀಪುಗಳು ಧೂಳೆಬ್ಬಿಸಿಕೊಂಡು ಓಡಾಡ್ತಿದ್ದವು. ಟ್ಯಾಂಕರ್ ಊರೊಳಗಿಂದ ಬರುವಾಗ ಹಿಂದಿನ ವಾಲ್ವ್ ಸೋರುತ್ತಿತ್ತು. ಇಬ್ಬರು ಹುಡುಗರು ಬಕೆಟ್ ಹಿಡಿದು ಅದರ ಹಿಂದೆಯೇ ಓಡಿ ಬಂದರು. ಅವರ ಹಿಂದೆ ಕೊಡ ಹಿಡಿದ ಒಬ್ಬ ಮುದುಕಿ. ಊರಿಗೆ ಕುಡಿಯುವ ನೀರಿನ ಟ್ಯಾಂಕರ್ ಎರಡು ದಿನದಿಂದ ಬಂದಿರಲಿಲ್ಲ. ಡ್ರೈವರ್ ಮಾಮಾನ ಮುಖ ನೋಡಿದ.

"ತುಂಬಿಸೋ ತಮ್ಮಾ, ಅದರಾಗ ಕೇಳೂದೇನದ" ಅಂದರು ಮಾಮಾ.

ಸುದ್ದಿ ಹೋಗೋಕೆ ಎಷ್ಟು ಹೊತ್ತು? ಓಣಿಯಿಂದ ಕೊಡಗಳ ಸಾಲೇ ಬಂತು. ಒಂದೊಂದು ಕೊಡ ತುಂಬಿದಾಗಲೂ ನನಗೆ ಕಾಲು ಗಿಡ ಹೋಯ್ತು ಅನ್ನಿಸ್ತಿತ್ತು. ಹೇಳಿಕೊಳ್ಳೋಕೆ ಚಂದ ಅಲ್ಲ, ಆದರೆ ಅನ್ನಿಸ್ತಿತ್ತು. ಜನ ಹೋದ ಮೇಲೆ ಮಾಮಾ ಮೆಲ್ಲಗೆ ಅಂದರು: "ಮಂದಿಗೆ ಕುಡ್ಯಾಕ ನೀರಿಲ್ಲ, ನಾ ಗಿಡಕ್ಕ ಹಾಕಾಕತ್ತೀನಿ. ನೋಡಾವ್ರಿಗೆ ಹ್ಯಾಂಗ ಕಾಣ್ತದೋ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ದುಡ್ಡು ಕೊಟ್ಟು ತಂದ ನೀರು. ಆದರೂ ಆ ಮಾತಿನಲ್ಲಿ ಸುಳ್ಳೇನೂ ಇಲ್ಲ ಅಲ್ವಾ?

ಉಳಿದ ನೀರು ಹಾಕೋ ಕೆಲಸದಲ್ಲಿ ನಾನೂ ಸೇರಿದೆ. ಪೈಪು ಹಿಡಿದು ಬುಡಕ್ಕೆ ಬಿಡೋದು, ಅಷ್ಟೇ ತಾನೆ ಅಂತ ಹೊರಟವನನ್ನು ಮಾಮಾ ತಡೆದರು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಒಣಗಿ ಬುಡದ ಸುತ್ತ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅದಕ್ಕೆ ನೇರ ನೀರು ಬಿಟ್ಟರೆ ಬೇರು ಇರುವ ಜಾಗ ದಾಟಿ ಸುರ್ ಅಂತ ಕೆಳಗೆ ಹೋಗುತ್ತೆ. ಮೊದಲು ಸಲಿಕೆಯಿಂದ ಹೆಂಟೆ ಒಡೆದು, ಪುಡಿಮಣ್ಣನ್ನು ಬಿರುಕಿಗೆ ತುಂಬಿ, ಕಾಲಿನಿಂದ ಒತ್ತಬೇಕು. ಲಿಂಬಿಗೆ ನೀರು ಹೀರುವ ಬೇರು ಮೇಲೆಯೇ ಜಾಸ್ತಿ, ಅದೂ ಕಾಂಡದಿಂದ ಸ್ವಲ್ಪ ದೂರ. ಹಾಗಾಗಿ ಬುಡ ಬಿಟ್ಟು, ನೆರಳಿನ ಅಂಚಿನಲ್ಲಿ ಬಳೆಯ ಹಾಗೆ ಮಣ್ಣಿನ ಕಟ್ಟೆ ಕಟ್ಟಿ ಅದರೊಳಗೆ ನೀರು. ನೀರು ಇಂಗಿದ ಮೇಲೆ ಮೇಲೆ ರವದಿ. ಭೀಮಾ ದಂಡೆಯ ಕಬ್ಬಿನ ಹೊಲಗಳಿಂದ ತಂದ ಒಣ ಎಲೆ ಅದು. ಜೋಳದ ಕಣಕಿ ಹಾಕಬಹುದಿತ್ತು, ಆದರೆ ಬರಗಾಲದಲ್ಲಿ ಕಣಕಿ ಎತ್ತಿಗೇ ಸಾಲೋದಿಲ್ಲ. ಒಂದು ಗಿಡಕ್ಕೆ ಇಷ್ಟೆಲ್ಲ ಮಾಡಿ ಮುಗಿಸುವಷ್ಟರಲ್ಲಿ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಎಲೆಗಳು ದೋಣಿಯಂತೆ ಒಳಗೆ ಮಡಚಿಕೊಂಡಿದ್ದವು. ನೀರು ಉಳಿಸೋಕೆ ಟೊಂಗೆಗಳನ್ನೂ ಅರ್ಧಕ್ಕೆ ಕಡಿದಿದ್ದರು. ಎಲೆ ಕಡಿಮೆ ಆದರೆ ದಾಹವೂ ಕಡಿಮೆ.

ಮಧ್ಯಾಹ್ನ ರೊಟ್ಟಿ ಉಣ್ಣುವಾಗ ಜೋಳದ ಮಾತು ಬಂತು. ಅಜ್ಜನ ಕಾಲದಲ್ಲಿ ಈ ಎರಡು ಎಕರೆಯೂ ಬಿಳಿಜೋಳದ ಹೊಲ. "ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ" ಅನ್ನೋ ಗಾದೆ ನಮ್ಮ ಜಿಲ್ಲೆಯದು. ಡೋಣಿ ಅಂದರೆ ಇಲ್ಲಿಯ ನದಿ. ಹಿಂಗಾರಿ ಜೋಳ ಬಿತ್ತೋದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆಮೇಲೆ ಅದಕ್ಕೆ ಯಾರೂ ನೀರು ಹಾಯಿಸೋದಿಲ್ಲ. ಎರಿ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಅದು ಬೆಳೆದು ತೆನೆ ಹಾಕುತ್ತೆ. ಸಾಲುಗಳ ನಡುವೆ ಎಡೆ ಹೊಡೆದು ಬಿರುಕು ಮುಚ್ಚುತ್ತಾ ಇದ್ದರೆ ಸಾಕು. ಇವತ್ತು ನಾವು ಸಲಿಕೆಯಲ್ಲಿ ಮಾಡಿದ್ದನ್ನೇ ಅಜ್ಜ ಎತ್ತು ಹೂಡಿ ಮಾಡ್ತಿದ್ದ.

ಹಾಗಂತ ಲಿಂಬಿ ಹಚ್ಚಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಜೋಳದಲ್ಲಿ ಮಕ್ಕಳನ್ನು ಓದಿಸೋಕಾಗ್ತಿರಲಿಲ್ಲ. ಇಂಡಿ ಲಿಂಬೆಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ನನ್ನ ಚಿಂತೆ ಬೇರೆ. ಹಿಂಗಾರಿ ಕೈಕೊಟ್ಟರೆ ಜೋಳದವನಿಗೆ ಒಂದು ವರ್ಷದ ಬೆಳೆ ಹೋಗುತ್ತೆ. ಮುಂದಿನ ಸಲ ಮತ್ತೆ ಬಿತ್ತಬಹುದು. ಲಿಂಬಿಯವನಿಗೆ ಹಚ್ಚಿದ ದಿನದಿಂದ ಇಲ್ಲಿಯವರೆಗಿನದೆಲ್ಲ ಹೋಗುತ್ತೆ. ಮಳೆ ನಂಬಿಕೆಗೆ ಇನ್ನಷ್ಟು ದೂರ ಆಗ್ತಿರುವ ಹೊತ್ತಿಗೇ ನಾವು ಒಂದು ವರ್ಷವೂ ತಪ್ಪದೆ ನೀರು ಬೇಡುವ ಬೆಳೆಗೆ ಬಂದಿದ್ದೇವೆ. ಲಿಂಬಿ, ದ್ರಾಕ್ಷಿ, ದಾಳಿಂಬೆ, ಎಲ್ಲ ಇದೇ ಕಥೆ.

2023ರ ಆಗಸ್ಟ್ ನೆನಪಿರಬಹುದು. 1901ರಿಂದ ಇಟ್ಟ ದಾಖಲೆಯಲ್ಲಿ ದೇಶದ ಅತಿ ಒಣ ಆಗಸ್ಟ್ ಅದು. ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ವರ್ಷ. ಎಲ್ ನಿನೊ ಹಿಂದೆಯೂ ಬರ್ತಿತ್ತು. ಈಗ ಅದರ ಜೊತೆಗೆ ಗಾಳಿಯೇ ಕಾದಿದೆ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಶೇ. 7ರಷ್ಟು ಜಾಸ್ತಿ ಆವಿ ಹಿಡಿಯಬಲ್ಲದು. ಮಳೆ ಇಲ್ಲದಾಗ ಮಣ್ಣಿನಿಂದ, ಎಲೆಯಿಂದ ಜಾಸ್ತಿ ಹೀರುತ್ತೆ. ಬಿದ್ದಾಗ ಜೋರಾಗಿ ಬೀಳುತ್ತೆ. ಮಾಮಾ ಇದನ್ನೇ ಹೇಳೋದು ಹೀಗೆ: "ಮೊದಲ ಹಸ್ತ, ಚಿತ್ತಿ ಮಳಿ ಅಂದ್ರ ಜಿಟಿಜಿಟಿ ಹಿಡೀತಿತ್ತು. ಈಗ ಒಂದ ತಾಸಿನಾಗ ದಬಾದಬಾ ಸುರದು ಒಡ್ಡು ಒಡಕೊಂಡು ಹೋಗ್ತದ."

ಆ ಬೇಸಿಗೆಯ ಮುಂದಿನದ್ದೂ ಹಾಗೇ ಆಯಿತು. ಭೀಮೆಗೆ ನೀರು ಬರೋದು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ. 117 ಟಿಎಂಸಿಯ ಆ ಜಲಾಶಯ ಬೇಸಿಗೆಯಲ್ಲಿ ಡೆಡ್ ಸ್ಟೋರೇಜಿಗಿಂತಲೂ, ಅಂದರೆ ಸಾಮಾನ್ಯವಾಗಿ ಹೊರಗೆ ಬಿಡಲಾಗದ ತಳದ ನೀರಿನ ಮಟ್ಟಕ್ಕಿಂತಲೂ, ಕೆಳಗಿಳಿದಿತ್ತು. ಆಗಸ್ಟ್ ಹೊತ್ತಿಗೆ ಅದೇ ತುಂಬಿ ಹೊರಗೆ ಬಿಟ್ಟರು. ಜೀವ ಹಿಡಿದಿಡೋಕೆ ಕೊಡ ಲೆಕ್ಕ ಹಾಕಿದ್ದ ವರ್ಷವೇ ನದಿ ದಂಡೆಯ ಊರುಗಳಿಗೆ ಪ್ರವಾಹದ ಎಚ್ಚರಿಕೆ.

ತೋಟದ ನೂರರಲ್ಲಿ ಹೆಚ್ಚಿನವು ಬದುಕಿದವು. ಸುಣ್ಣ ಬೀಳದವುಗಳಲ್ಲಿ ಕೆಲವು ಜೂನ್ ಮಳೆಗೆ ಬುಡದಿಂದ ಚಿಗುರಿ ಎಲ್ಲರಿಗೂ ಆಶ್ಚರ್ಯ ತಂದವು. ಅತ್ತಿಯ ನಾಲ್ಕು ಸಸಿಯಲ್ಲಿ ಮೂರು ಉಳಿದಿವೆ. ಉಳಿದ ಜಾಗದ ಒಣಗಿದ ಗಿಡ ಕಿತ್ತು, ಹಿಂಗಾರಿಗೆ ಅಲ್ಲಿ ಜೋಳ ಬಿತ್ತಿದರು.

ಈಗ ಮಾಮಾನ ಮಗ ಆ ಜಾಗಕ್ಕೆ ಮತ್ತೆ ಲಿಂಬಿ ಸಸಿ ತರೋಣ, ಸಾಲ ಮಾಡಿ ಇನ್ನೊಂದು ಬೋರ್ ಹಾಕಿಸೋಣ ಅಂತಾನೆ. ಸಸಿಗೆ ಮಾಮಾ ಬ್ಯಾಡ ಅಂದಿಲ್ಲ. ಬೋರಿಗೆ ಮಾತ್ರ ಒಪ್ಪೋದಿಲ್ಲ. ತೋಟದ ತಗ್ಗಿನ ಮೂಲೆಯಲ್ಲಿ ಮೊದಲು ಕೃಷಿ ಹೊಂಡ ತೋಡಿಸು, ಅದು ಒಂದು ಮಳೆಗಾಲ ತುಂಬಿದ್ದನ್ನು ನೋಡಿ ಆಮೇಲೆ ಸಸಿ ಎಷ್ಟು ಅಂತ ಲೆಕ್ಕ ಹಾಕೋಣ ಅಂತಾರೆ. ಹೊಂಡಕ್ಕೆ ಹೋಗೋ ಜಾಗದಲ್ಲಿ ಆರು ಗಿಡ ಹಚ್ಚಬಹುದಿತ್ತು ಅನ್ನೋದು ಮಗನ ವಾದ. ಇಬ್ಬರೂ ನನ್ನನ್ನು ಪಂಚ ಮಾಡಿದ್ದಾರೆ. ನಾನು ಹೊಂಡದ ಕಡೆ.