ಕನ್ನಡಕ ಬದಲಾಯ್ತಾ ಅಂತ ಕೇಳುವವರಿಗೆ

ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಬಂದೆ ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಎಲ್ಲರೂ ಕೇಳುವುದು ಒಂದೇ, "ಕನ್ನಡಕ ಬದಲಾಯ್ತಾ?" ಇಲ್ಲ ಮಾರಾಯ್ರೆ, ನಂಬರ್ ಹಾಗೇ ಇದೆ, ಚೆನ್ನಾಗೇ ಕಾಣುತ್ತದೆ ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: "ಮತ್ತೆ ಸುಮ್ನೆ ಶಿವಮೊಗ್ಗಕ್ಕೆ ಯಾಕೆ ಹೋಗಿದ್ದು?" ಶುಗರ್ ಇರುವವರು ಚೆನ್ನಾಗಿ ಕಾಣುತ್ತಿರುವಾಗಲೇ ಹೋಗಬೇಕು, ಅದಕ್ಕೇ ಹೋಗಿದ್ದು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ತೆಳ್ಳನೆಯ ಪರದೆ ಇದೆ. ಚಿತ್ರ ಮೂಡುವುದು ಅಲ್ಲಿ. ಅದಕ್ಕೆ ರಕ್ತ ಕೊಡುವ ನಾಳಗಳು ತುಂಬಾ ಸಣ್ಣವು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಅವುಗಳ ಗೋಡೆ ಹಾಳಾಗುತ್ತಾ ಬರುತ್ತದೆ. ತೋಟದ ಹಳೇ ಡ್ರಿಪ್ ಪೈಪಿನ ಕಥೆಯೇ: ಅಲ್ಲಲ್ಲಿ ಉಬ್ಬುತ್ತದೆ, ಆಮೇಲೆ ಜಿನುಗುತ್ತದೆ, ಕೆಲವು ಕಡೆ ಕಟ್ಟಿಕೊಂಡು ಮುಂದಕ್ಕೆ ಏನೂ ಹೋಗುವುದಿಲ್ಲ. ರಕ್ತ ಸಿಗದ ರೆಟಿನಾ ಸುಮ್ಮನಿರುವುದಿಲ್ಲ, ವಿಇಜಿಎಫ್ ಅನ್ನುವ ಪ್ರೋಟೀನ್ ಬಿಟ್ಟು ಹೊಸ ನಾಳ ಬೆಳೆಸಿಕೊಳ್ಳಲು ನೋಡುತ್ತದೆ. ಈ ಹೊಸ ನಾಳಗಳೇ ದೊಡ್ಡ ತಲೆನೋವು. ಬಹಳ ನಾಜೂಕು, ಒಡೆದರೆ ಕಣ್ಣೊಳಗೇ ರಕ್ತ. ಇದಕ್ಕೆಲ್ಲ ಒಟ್ಟಾಗಿ ಡಯಾಬಿಟಿಕ್ ರೆಟಿನೋಪತಿ ಅನ್ನುತ್ತಾರೆ. ಶುರುವಿನಲ್ಲಿ ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ನಟ್ಟನಡುವಿನ ಮ್ಯಾಕುಲಾ ಅನ್ನುವ ಜಾಗ ಊದಿಕೊಳ್ಳುವವರೆಗೆ ಪೇಪರ್ ಓದುವುದಕ್ಕೂ ಏನೂ ತೊಂದರೆ ಆಗದೇ ಇರಬಹುದು.

ನಮ್ಮ ಚಿಕ್ಕಪ್ಪನಿಗೆ ಆದದ್ದು ಹೀಗೇ. ಹಿಂದಿನ ದಿನದವರೆಗೂ ಬೆಟ್ಟೆ, ಗೊರಬಲು ಅಂತ ಅಡಿಕೆಯ ತರಗಳನ್ನೆಲ್ಲ ಕಣ್ಣಳತೆಯಲ್ಲೇ ಬೇರೆ ಮಾಡುತ್ತಿದ್ದವರು. ಬೆಳಿಗ್ಗೆ ಅಡಿಕೆ ಆರಿಸುತ್ತ ಕೂತಿದ್ದಾಗ ಬಲಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲಾಡಿದವು. ಅಡಿಕೆ ದೂಳು ಬಿದ್ದಿರಬೇಕು ಅಂತ ತಣ್ಣೀರು ಹಾಕಿ ತೊಳೆದುಕೊಂಡರು. ಸಂಜೆಗೆ ಆ ಕಣ್ಣಲ್ಲಿ ಬರೀ ಕಂದು ಮಬ್ಬು. ಹೊಸ ನಾಳ ಒಡೆದು ರಕ್ತ ಬಂದಿತ್ತು. ಅವರ ಶುಗರ್ ಆ ತಿಂಗಳು ಲಿಮಿಟ್‌ನಲ್ಲೇ ಇತ್ತು ಬೇರೆ!

ಲಿಮಿಟ್‌ನಲ್ಲಿದೆ ಅನ್ನುವ ಲ್ಯಾಬ್ ಚೀಟಿ ಕಣ್ಣಿನ ಪರೀಕ್ಷೆ ಅಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದಕ್ಕೆ ವಿವರಣೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದ ಶುಗರ್ ಆ ಗಳಿಗೆಯದ್ದು. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ತೋರಿಸುವುದು ಸುಮಾರು ಮೂರು ತಿಂಗಳ ಸರಾಸರಿ. ಅದೂ ರಕ್ತಹೀನತೆ ಇದ್ದರೆ ಏರುಪೇರಾಗಿ ತೋರಿಸಬಹುದು, ನಮ್ಮ ಮನೆಗಳ ಹೆಂಗಸರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಹತ್ತು ವರ್ಷದ ಹಿಂದೆ ಏರಿದ ಸಕ್ಕರೆ ರೆಟಿನಾದಲ್ಲಿ ಏನು ಮಾಡಿಟ್ಟಿದೆ ಅನ್ನುವುದು ಈ ಎರಡರಲ್ಲೂ ಸಿಗುವುದಿಲ್ಲ. ಒಳಗೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ದೊಡ್ಡವರಿಗೆ ಬರುವ ಟೈಪ್ 2 ಆದರೆ ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಶುಗರ್ ಇರುವ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು.

ನೋಡುವುದು ಹೇಗೆ? ಎರಡು ಕಣ್ಣಿಗೂ ಡ್ರಾಪ್ಸ್ ಹಾಕಿ ಕೂರಿಸುತ್ತಾರೆ. ಅರ್ಧ ಗಂಟೆಯೊಳಗೆ ಪಾಪೆ ಹಿಗ್ಗುತ್ತದೆ. ಆಮೇಲೆ ಗಲ್ಲ ಒಂದು ಸ್ಟ್ಯಾಂಡಿಗೆ ಆನಿಸಿ ಒಳಗೆ ನೋಡಿ ಅನ್ನುತ್ತಾರೆ, ಪಳ್ ಅಂತ ಬೆಳಕು, ಮುಗಿಯಿತು. ಸ್ಕ್ರೀನ್ ಮೇಲೆ ನನ್ನದೇ ರೆಟಿನಾ. ಇಡೀ ಕಿತ್ತಳೆ ಬಣ್ಣ, ಒಂದು ಬದಿಗೆ ನಸುಹಳದಿ ದುಂಡು, ಕಣ್ಣಿನ ನರ ಮಿದುಳಿಗೆ ಹೊರಡುವ ಜಾಗವಂತೆ. ಅಲ್ಲಿಂದ ಕವಲೊಡೆದ ಕೆಂಪು ಗೆರೆಗಳು. ಡಾಕ್ಟರ್ ಪೆನ್ನಿನ ತುದಿಯಲ್ಲಿ ತೋರಿಸುವವರೆಗೂ ಆ ಚುಕ್ಕೆಗಳು ನನಗೆ ಕಂಡಿರಲೇ ಇಲ್ಲ. ಕೆಂಪಗೆ, ಬಿಡಿಬಿಡಿಯಾಗಿ, ಲೆಕ್ಕಕ್ಕೆ ಸಿಗುವಷ್ಟೇ. ನಾಳಗಳು ಉಬ್ಬಿದ ಜಾಗಗಳು. ಸದ್ಯಕ್ಕೆ ಚಿಕಿತ್ಸೆ ಬೇಡ, ಶುಗರ್ ಬಿಪಿ ನೋಡಿಕೊಳ್ಳಿ, ಮುಂದಿನ ವರ್ಷ ತಪ್ಪಿಸಬೇಡಿ ಅಂದರು. ಆಮೇಲೆ ಓಸಿಟಿ ಅನ್ನುವ ಸ್ಕ್ಯಾನ್. ಇದೂ ಕಣ್ಣನ್ನು ಮುಟ್ಟುವುದಿಲ್ಲ, ಬರೀ ಬೆಳಕು ಹಾಯಿಸಿ ರೆಟಿನಾವನ್ನು ಅಡ್ಡ ಸೀಳಿದ ಹಾಗೆ ಪದರ ಪದರವಾಗಿ ತೋರಿಸುತ್ತದೆ, ಎಲ್ಲಾದರೂ ನೀರು ತುಂಬಿದ್ದರೆ ಕಪ್ಪು ಗುಳ್ಳೆಯಾಗಿ ಕಾಣುತ್ತದೆ. ಅಮೆರಿಕದ ಎಂಐಟಿಯ ತಂಡ ಇದನ್ನು 1991ರಲ್ಲಿ ಮೊದಲು ಪ್ರಕಟಿಸಿತು. ಅದಕ್ಕೂ ಮೊದಲು ಊತವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವುದು ಕಷ್ಟವಿತ್ತು.

ಬೈಕ್ ಮಾತ್ರ ತೆಗೆದುಕೊಂಡು ಹೋಗಬೇಡಿ. ಆ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಏನೂ ನೆಟ್ಟಗೆ ಕಾಣುವುದಿಲ್ಲ. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಪಕ್ಕದ ಸೀಟಿನ ಹುಡುಗನಿಗೆ ಎಣಿಸಲು ಕೊಟ್ಟೆ. ಬಿಸಿಲು ಕಿಟಕಿಯಿಂದ ನೇರ ಮುಖಕ್ಕೇ. ಗಾಜನೂರು, ಸಕ್ರೆಬೈಲು ಎಲ್ಲ ಕಣ್ಣು ಮುಚ್ಚಿಕೊಂಡೇ ದಾಟಿ ಮಂಡಗದ್ದೆಯಲ್ಲಿ ಒಮ್ಮೆ ಬಿಟ್ಟು ನೋಡಿದೆ, ಮತ್ತೆ ಮುಚ್ಚಿದೆ.

ಈಗ ಎಐ ವಿಷಯ. ರೆಟಿನಾ ಫೋಟೋ ನೋಡಿ ರೆಟಿನೋಪತಿ ಇದೆಯೋ ಇಲ್ಲವೋ ಅಂತ ಕಂಪ್ಯೂಟರೇ ಹೇಳುತ್ತದೆ. 2016ರಲ್ಲಿ ಗೂಗಲ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ದೇಶದ ಕಣ್ಣಾಸ್ಪತ್ರೆಗಳ ಫೋಟೋಗಳೂ ಇದ್ದವು. ಡಾಕ್ಟರ್ ನೋಡದೆಯೇ ಫಲಿತಾಂಶ ಕೊಡುವ ಐಡಿಎಕ್ಸ್-ಡಿಆರ್ ಅನ್ನುವ ವ್ಯವಸ್ಥೆಗೆ ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕ್ಯಾಮೆರಾ ಅಂತೂ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತದೆ, ಫೋರಸ್ ಕಂಪನಿಯ ತ್ರಿನೇತ್ರ, ರೆಮಿಡಿಯೋದವರ ಫೋನಿಗೆ ಜೋಡಿಸುವ ಕ್ಯಾಮೆರಾ. ಎಐ ಬಂದು ಡಾಕ್ಟರ್ ಕೆಲಸ ಕಿತ್ತುಕೊಳ್ಳುತ್ತಾ ಅನ್ನುವ ಚರ್ಚೆ ದೊಡ್ಡ ಊರಿನವರು ಮಾಡಿಕೊಳ್ಳಲಿ. ಆಗುಂಬೆಯಲ್ಲೋ ಹೊಸನಗರದ ಒಳಗಿನ ಹಳ್ಳಿಯಲ್ಲೋ ರೆಟಿನಾ ಡಾಕ್ಟರ್ ಇದ್ದರೆ ತಾನೆ ಕಿತ್ತುಕೊಳ್ಳುವುದು? ಅಲ್ಲೆಲ್ಲ ಒಬ್ಬ ನರ್ಸ್ ಫೋಟೋ ತೆಗೆದು, ಇವರು ಶಿವಮೊಗ್ಗಕ್ಕೆ ಹೋಗಲೇಬೇಕು ಅಂತ ಹೇಳುವಂತಾದರೆ ಅದೇ ದೊಡ್ಡದು. ಕಣ್ಣಿಗೆ ಪೊರೆ ಬಂದಿದ್ದರೆ ಮಾತ್ರ ಫೋಟೋ ಮಸುಕಾಗುತ್ತದೆ, ಆಗ ಎಐಗೂ ಏನೂ ತಿಳಿಯುವುದಿಲ್ಲ.

ಚಿಕ್ಕಪ್ಪನಿಗೆ ಲೇಸರ್ ಆಯಿತು, ಇಂಜೆಕ್ಷನ್ ಕೂಡ. ಕಣ್ಣಿಗೆ ಸೂಜಿ ಅಂದ ತಕ್ಷಣ ಚಿಕ್ಕಮ್ಮ ಎದ್ದು ಹೊರಗೆ ಹೋಗಿಬಿಟ್ಟರು. ಮರಗಟ್ಟುವ ಡ್ರಾಪ್ಸ್ ಹಾಕಿ, ಕಣ್ಣಿನ ಬಿಳಿ ಭಾಗದಲ್ಲಿ ತೀರಾ ಸಣ್ಣ ಸೂಜಿಯಿಂದ ಕೊಡುತ್ತಾರೆ. ಔಷಧಿ ಆ ವಿಇಜಿಎಫ್ ಅನ್ನು ತಡೆಯುತ್ತದೆ. ಅದರಲ್ಲಿ ಕಡಿಮೆ ಬೆಲೆಯ ಬೆವಾಸಿಝುಮ್ಯಾಬ್ ಅಸಲಿಗೆ ಕ್ಯಾನ್ಸರ್ ಔಷಧಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಶುರುವಿನಲ್ಲಿ ತಿಂಗಳಿಗೊಂದರಂತೆ ಬೇಕಾಗುತ್ತದೆ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಸ್ವಲ್ಪ ಕಾಣತೊಡಗಿದ ಕೂಡಲೇ ಹುಷಾರಾಯಿತು ಅಂದುಕೊಳ್ಳುತ್ತಾರೆ. ಚಿಕ್ಕಪ್ಪ ಬಿಡಲಿಲ್ಲ. ಈಗ ಆ ಕಣ್ಣಲ್ಲಿ ಮುಖ ಗುರುತಿಸುತ್ತಾರೆ, ಅಡಿಕೆ ಆರಿಸುವುದು ಆಗುವುದಿಲ್ಲ.

ಇನ್ನು ನನ್ನ ತೋಳಿಗೆ ಅಂಟಿಸಿಕೊಂಡಿದ್ದ ಬಿಲ್ಲೆ. ಎಲ್ಲರೂ ಇದೇನು ಅಂತ ಕೇಳಿದ್ದರು. ಅದು ಸಿಜಿಎಂ, ಅಂದರೆ ಹಗಲೂ ರಾತ್ರಿ ಬಿಡದೆ ಗ್ಲೂಕೋಸ್ ನೋಡುವ ಸೆನ್ಸರ್, 14 ದಿನ ಇರುತ್ತದೆ. ಚರ್ಮದಡಿಯ ದ್ರವದಲ್ಲಿನ ಗ್ಲೂಕೋಸ್ ಅಳೆಯುತ್ತದೆ, ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ. ಫೋನ್ ಹತ್ತಿರ ಹಿಡಿದರೆ ಗ್ರಾಫ್ ಬರುತ್ತದೆ, ನಮ್ಮನೆಯಂತೆ ನೆಟ್‌ವರ್ಕ್ ಇಲ್ಲದ ಮೂಲೆಯಲ್ಲೂ. ಒಮ್ಮೆ ರಾತ್ರಿ ಶುಗರ್ ಲೋ ಅಂತ ಕೂಗಿಕೊಂಡಿತು. ಮನೆಯವಳು ಗಾಬರಿಯಾಗಿ ಬೆಲ್ಲದ ಡಬ್ಬಿ ತಂದಳು. ಬೆರಳು ಚುಚ್ಚಿ ನೋಡಿದರೆ ಎಲ್ಲ ಸರಿಯಿತ್ತು. ನಾನು ಅದೇ ತೋಳಿನ ಮೇಲೆ ಮಲಗಿ ಸೆನ್ಸರ್ ಒತ್ತಿಕೊಂಡಿತ್ತಷ್ಟೆ. ಕಡುಬಿನ ಗ್ರಾಫ್ ಮಾತ್ರ ಮರೆಯುವ ಹಾಗಿಲ್ಲ. ಬಿಸಿ ಕಡುಬು, ಮೇಲೆ ಜೋನಿಬೆಲ್ಲ. ಮುಕ್ಕಾಲು ಗಂಟೆಯಲ್ಲಿ ಗೆರೆ 250 ದಾಟಿ ಕೂತಿತು. ಬೆಲ್ಲ ಆದರೆ ಪರವಾಗಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಅಲ್ವಾ, ಗ್ರಾಫಿಗೆ ಅದೆಲ್ಲ ಗೊತ್ತಿಲ್ಲ. ಕಡುಬು ಕಡಿಮೆ ಮಾಡಿ, ಜೋನಿಬೆಲ್ಲದ ಬದಲು ಕಡಲೆ ಉಸಲಿ ಹಾಕಿಕೊಂಡು, ತಿಂದ ಮೇಲೆ ತೋಟ ಸುತ್ತಿ ಬಂದ ದಿನ ಗೆರೆ ಅಷ್ಟು ಮೇಲೆ ಹೋಗಲಿಲ್ಲ. ಸೆನ್ಸರ್ ದುಬಾರಿ, ವರ್ಷವಿಡೀ ಹಾಕಿಕೊಳ್ಳುವುದು ನನ್ನ ಕೈಲಾಗದು. ಅಪರೂಪಕ್ಕೆ ಒಂದು ಹಾಕಿಕೊಂಡು ನಮ್ಮ ಊಟದ ಗುಟ್ಟು ತಿಳಿದುಕೊಂಡರೂ ಲಾಭವೇ. ಬಿಪಿ ಮರೆಯಬೇಡಿ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲೇ ತೋರಿಸಿದೆ, ಬಿಪಿ ಬಿಗಿಯಾಗಿ ಇಟ್ಟವರಲ್ಲಿ ರೆಟಿನೋಪತಿ ಮುಂದುವರಿಯುವುದು ಸುಮಾರು ಮೂರನೇ ಒಂದು ಪಾಲು ಕಡಿಮೆ.

ಒಂದು ವಿಚಿತ್ರ ಸಂಗತಿಯೂ ಇದೆ. ತುಂಬ ಮೇಲಿದ್ದ ಶುಗರನ್ನು ಗಡಿಬಿಡಿಯಲ್ಲಿ ಇಳಿಸಿದರೆ, ಮೊದಲೇ ರೆಟಿನೋಪತಿ ಇದ್ದವರಿಗೆ ಕೆಲವು ತಿಂಗಳು ಅದು ಜೋರಾಗಬಹುದು. ಈಗ ಎಲ್ಲರ ಬಾಯಲ್ಲಿರುವ ಶುಗರ್ ಇಳಿಸುವ ವಾರಕ್ಕೊಂದು ಇಂಜೆಕ್ಷನ್, ಸೆಮಾಗ್ಲುಟೈಡ್, ಅದರ 2016ರ ಒಂದು ಅಧ್ಯಯನದಲ್ಲಿ ರೆಟಿನೋಪತಿಯ ತೊಂದರೆ ಔಷಧಿ ತೆಗೆದುಕೊಂಡವರಲ್ಲಿ ಶೇ 3.0, ಉಳಿದವರಲ್ಲಿ ಶೇ 1.8 ಇತ್ತು. ಹಾಗೆ ತೊಂದರೆ ಆದವರಲ್ಲಿ ಹೆಚ್ಚಿನವರಿಗೆ ಮೊದಲೇ ರೆಟಿನೋಪತಿ ಇತ್ತು. ಔಷಧಿ ಬೇಡ ಅಂತಲ್ಲ, ಶುಗರ್ ಇಳಿಸಬೇಡಿ ಅಂತಲಂತೂ ಅಲ್ಲವೇ ಅಲ್ಲ. ಶುರು ಮಾಡುವ ಮೊದಲು ರೆಟಿನಾ ತೋರಿಸಿ, ಶುಗರ್ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ಇನ್ನೊಬ್ಬರು ಏನು ಕೊಡುತ್ತಿದ್ದಾರೆ ಅಂತ ಹೇಳಿ.

ಫೋಟೋದ ಪ್ರತಿ ಕೇಳಿ ಫೋನಿಗೆ ಹಾಕಿಸಿಕೊಳ್ಳಿ, ಮುಂದಿನ ಸಲ ಬೇರೆ ಡಾಕ್ಟರ್ ಇದ್ದರೂ ಹೋಲಿಸಿ ನೋಡಬಹುದು. ಯಾವಾಗ ಹೋಗುವುದು ಅಂದರೆ, ನನ್ನ ಲೆಕ್ಕದಲ್ಲಿ ಮಳೆಗಾಲವೇ ಸರಿ. ಮಳೆ ಬಿಟ್ಟ ದಿನ ತೋಟಕ್ಕೆ ಔಷಧಿ ಹೊಡೆಯಬೇಕು, ಮಳೆ ಹಿಡಿದ ದಿನ ಹೇಗೂ ಕೆಲಸವಿಲ್ಲ, ಬಸ್ಸಲ್ಲಿ ಬರುವಾಗ ಬಿಸಿಲಿನ ಕಾಟವೂ ಇರುವುದಿಲ್ಲ.